ಕಲ್ಲಿದ್ದಲಿನಿಂದ ಸಾವಯವ ಸಂಯುಕ್ತ ತೆಗೆಯೋಕೆ ಯಾವ ವಿಧಾನ ಸರಿ?

[ದೃಶ್ಯ: ನುಣ್ಣಗೆ ಅರೆದ ಕಲ್ಲಿದ್ದಲಿನ ಪುಡಿ]

ನಮಸ್ಕಾರ. ಕಲ್ಲಿದ್ದಲು ಬರೀ ಇಂಗಾಲದ ಗಟ್ಟಿ ಅಲ್ಲ. ಒಂದಕ್ಕೊಂದು ಹೆಣೆದುಕೊಂಡ ದೊಡ್ಡ ದೊಡ್ಡ ಅಣುಗಳ ಬಲೆ ಅದು. ಅದರ ಸಂದುಗಳಲ್ಲಿ ಚಿಕ್ಕ ಅಣುಗಳು ಸಿಕ್ಕಿಕೊಂಡಿರುತ್ತವೆ: ನಾಫ್ತಲೀನ್, ಫಿನಾಂಥ್ರೀನ್‌ನಂಥ, ಬೆಸೆದ ಬೆಂಜೀನ್ ಉಂಗುರಗಳ ಅಣುಗಳಾದ ಪಿಎಎಚ್‌ಗಳು, ಪ್ರಾಚೀನ ಬ್ಯಾಕ್ಟೀರಿಯಾಗಳ ಗುರುತು ಉಳಿಸಿಕೊಂಡ ಹೋಪೇನ್‌ಗಳು. ಬಲೆ ಮುರಿಯದೆ ಇವನ್ನಷ್ಟೇ ಹೊರಗೆ ತರಬೇಕು.

[ದೃಶ್ಯ: ಸಾಕ್ಸ್‌ಲೆಟ್ ಉಪಕರಣ]

ಹಳೆಯ ದಾರಿ ಇದು. 1879ರಲ್ಲಿ ಫ್ರಾಂಜ್ ಫಾನ್ ಸಾಕ್ಸ್‌ಲೆಟ್ ಹಾಲಿನ ಕೊಬ್ಬು ಅಳೆಯೋಕೆ ರೂಪಿಸಿದ್ದು. ಕೆಳಗೆ ದ್ರಾವಕ ಕುದಿಯುತ್ತೆ, ಆವಿ ಮೇಲೇರಿ ಕಂಡೆನ್ಸರ್‌ನಲ್ಲಿ ತಣಿದು ಪುಡಿಯ ಮೇಲೆ ತೊಟ್ಟಿಕ್ಕುತ್ತೆ, ತುಂಬಿದಾಗ ಸೈಫನ್ ಮೂಲಕ ಕೆಳಗಿಳಿಯುತ್ತೆ. ಪ್ರತಿ ಸುತ್ತಿನಲ್ಲೂ ಪುಡಿಗೆ ಶುದ್ಧ ದ್ರಾವಕವೇ ಸಿಗುತ್ತೆ, ಇದೇ ಇದರ ಬಲ. ಆದರೆ ಕಲ್ಲಿದ್ದಲಿಗೆ ಒಂದು ದಿನ, ಕೆಲವೊಮ್ಮೆ ಎರಡು ಮೂರು ದಿನ ಬೇಕು.

ಅಲ್ಟ್ರಾಸಾನಿಕ್ ಸ್ನಾನದಲ್ಲಿ, ಅಂದರೆ ಕಿವಿಗೆ ಕೇಳಿಸದ ಧ್ವನಿ ಅಲೆಗಳಿಂದ ಅಲುಗಿಸುವ ತೊಟ್ಟಿಯಲ್ಲಿ, ಅರ್ಧ ಗಂಟೆ ಸಾಕು, ಆದರೆ ದ್ರಾವಕ ಬದಲಿಸಿ ಮತ್ತೆ ಮತ್ತೆ ಮಾಡಬೇಕು, ಪ್ರತಿ ಸಲ ಸೋಸಬೇಕು.

ಒತ್ತಡದ ವಿಧಾನ ನನಗೆ ಹೆಚ್ಚು ಇಷ್ಟ. ಡೈಕ್ಲೋರೋಮೀಥೇನ್ ಅನ್ನೋ ದ್ರಾವಕ ಸಾಮಾನ್ಯವಾಗಿ 40 ಡಿಗ್ರಿ ಸೆಲ್ಸಿಯಸ್ ಹತ್ತಿರ ಕುದಿಯುತ್ತೆ. ಸುಮಾರು 100 ವಾತಾವರಣ ಒತ್ತಡ ಕೊಟ್ಟರೆ 100 ಡಿಗ್ರಿಯಲ್ಲೂ ದ್ರವವಾಗೇ ಇರುತ್ತೆ. ಬಿಸಿಗೆ ಅದರ ಸ್ನಿಗ್ಧತೆ ಇಳಿದು ಸಣ್ಣ ರಂಧ್ರಗಳಿಗೂ ನುಗ್ಗುತ್ತೆ. ಕೆಲಸ ನಿಮಿಷಗಳಲ್ಲಿ ಮುಗಿಯುತ್ತೆ, ದ್ರಾವಕವೂ ಉಳಿಯುತ್ತೆ. ಯಂತ್ರ ಮಾತ್ರ ದುಬಾರಿ.

[ದೃಶ್ಯ: ಬೇರೆ ಬೇರೆ ಬಣ್ಣದ ಸಾರಗಳಿರುವ ಸೀಸೆಗಳು]

ಆದರೆ ಉಪಕರಣದಷ್ಟೇ, ಎಷ್ಟೋ ಸಲ ಅದಕ್ಕಿಂತ ಹೆಚ್ಚಾಗಿ, ಫಲಿತಾಂಶ ಬದಲಿಸೋದು ದ್ರಾವಕ. ಹೆಕ್ಸೇನ್ ಬಲೆಯನ್ನು ಅಷ್ಟಾಗಿ ಸಡಿಲಿಸೋದಿಲ್ಲ. ಪಿರಿಡೀನ್ ಕಲ್ಲಿದ್ದಲನ್ನೇ ಉಬ್ಬಿಸುತ್ತೆ. ಕಾರ್ಬನ್ ಡೈಸಲ್ಫೈಡ್ ಜೊತೆ ಎನ್‌-ಮೀಥೈಲ್ ಪಿರೊಲಿಡಿನೋನ್ ಬೆರೆಸಿದರೆ ಕೆಲವು ಬಿಟುಮಿನಸ್ ಕಲ್ಲಿದ್ದಲಿನ ಅರ್ಧಕ್ಕಿಂತ ಹೆಚ್ಚು ಭಾಗ ಕೋಣೆಯ ತಾಪದಲ್ಲೇ ಕರಗುತ್ತೆ! ಹಾಗಂತ ಪಿಎಎಚ್ ಅಳೆಯೋರಿಗೆ ಅದು ಒಳ್ಳೆಯದಲ್ಲ. ಭಾರಿ ಅಣುಗಳೂ ಜೊತೆಗೆ ಬಂದು ಜಿಸಿ-ಎಂಎಸ್ (ಅಣುಗಳನ್ನು ಬೇರ್ಪಡಿಸಿ ಗುರುತಿಸೋ ಯಂತ್ರ) ಕಾಲಮ್ ಕೆಡಿಸುತ್ತವೆ. ಸಾರದ ತೂಕ ನೋಡಿ ವಿಧಾನಕ್ಕೆ ಅಂಕ ಕೊಡಬೇಡಿ.

ಇನ್ನೊಂದು ಎಚ್ಚರಿಕೆ. ಡ್ಯೂಟೀರಿಯಂ (ಭಾರ ಜಲಜನಕ) ಹೊತ್ತ ಪಿಎಎಚ್ ಅನ್ನು ಮೊದಲೇ ಪುಡಿಗೆ ಸೇರಿಸಿ, ಎಷ್ಟು ವಾಪಸ್ ಬಂತು ಅಂತ ನೋಡೋದು ರೂಢಿ. ಅದು ಬೇಕೇ ಬೇಕು, ಆವಿಯಾಗಿ ಕಳೆದುಹೋದ ನಾಫ್ತಲೀನ್ ಅದರಿಂದಲೇ ಗೊತ್ತಾಗೋದು. ಆದರೆ ನಾವು ಸೇರಿಸಿದ್ದು ಹೆಚ್ಚಾಗಿ ಮೇಲ್ಮೈಯಲ್ಲೇ ಕೂತಿರುತ್ತೆ, ಸುಲಭವಾಗಿ ಬಂದುಬಿಡುತ್ತೆ. ಒಳಗೆ ಹುದುಗಿದ್ದು ಬಂತು ಅನ್ನೋಕೆ ಅದೊಂದೇ ಸಾಕ್ಷಿ ಸಾಲದು. ಹಾಗಾಗಿ ಉಳಿದ ಅದೇ ಪುಡಿಯನ್ನು ಹೊಸ ದ್ರಾವಕದಲ್ಲಿ, ಸಾಧ್ಯವಾದರೆ ಟೊಲ್ವೀನ್‌ನಂಥ ಬೇರೆ ದ್ರಾವಕದಲ್ಲಿ, ಇನ್ನೊಮ್ಮೆ ಹೊರತೆಗೆಯಿರಿ. ಆಗಲೂ ಪಿಎಎಚ್ ಬರ್ತಾನೇ ಇದ್ದರೆ ಮೊದಲ ಸಲದ ಲೆಕ್ಕವನ್ನು ಪೂರ್ತಿ ಮೊತ್ತ ಅಂತ ಬರೆಯಬೇಡಿ.