ಹಳೇ ಕಾರಿನ ಕಾರ್ಬುರೇಟರ್ ಕಿತ್ತು ಹಾಕಬೇಡಿ, ಜೆಟ್ ಬದಲಿಸಿ

ಹೋದ ಮಳೆಗಾಲ ಮುಗಿದ ಮೇಲೆ ನಮ್ಮ ಹಳೇ ಪ್ರೀಮಿಯರ್ ಪದ್ಮಿನಿ ಕಾರಿನ ಕಾರ್ಬುರೇಟರ್, ಅಂದರೆ ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕಳಿಸುವ ಭಾಗ, ಬಿಚ್ಚಿದೆ. ಮೂರು ತಿಂಗಳು ಗಾಡಿ ಶೆಡ್ಡಿನಲ್ಲೇ ನಿಂತಿತ್ತು. ಬೆಳಗಾವಿಯ ಮಳೆ ನಿಮಗೆ ಗೊತ್ತೇ ಇದೆ, ಜೂನ್‌ನಲ್ಲಿ ಹಿಡಿದರೆ ಗಣಪತಿ ಹಬ್ಬದವರೆಗೂ ಬಿಡುವುದಿಲ್ಲ. ಮೇಲಿನ ಮುಚ್ಚಳ ತೆಗೆದು ನೋಡಿದರೆ, ಪೆಟ್ರೋಲ್ ತುಂಬಿಕೊಳ್ಳುವ, ಫ್ಲೋಟ್ ಇರುವ ಬಟ್ಟಲಿನ ತಳದಲ್ಲಿ ಸುಣ್ಣದ ಪುಡಿಯಂಥದ್ದು ಕೂತಿತ್ತು. ಬೆರಳಿಗೆ ಹಚ್ಚಿಕೊಂಡು ಉಜ್ಜಿದೆ, ಸಣ್ಣ ಮರಳಿನ ಹಾಗೆ ತರಿತರಿ. ಪಕ್ಕದಲ್ಲೇ ಎಳ್ಳಿನ ಗಾತ್ರದ ಕರೀ ಚೂರುಗಳು. ಇವು ಎಲ್ಲಿಂದ ಬಂದವು ಅಂತ ಪೆಟ್ರೋಲ್ ಪೈಪನ್ನು ಬ್ಲೇಡಿನಿಂದ ಸೀಳಿ ನೋಡಿದೆ. ಒಳಗಿನ ರಬ್ಬರ್ ಮೆತ್ತಗಾಗಿತ್ತು. ಉಗುರು ತಾಗಿಸಿದರೆ ಸಾಕು, ಪೊರೆ ಏಳುತ್ತಿತ್ತು.

ಗಾಡಿಯದು ಇದರಲ್ಲಿ ತಪ್ಪೇನಿಲ್ಲ. ಅದು ತಯಾರಾದ ಕಾಲದ ಪೆಟ್ರೋಲ್ ಬೇರೆ, ಈಗ ನಾವು ಅದಕ್ಕೆ ಕುಡಿಸುತ್ತಿರುವುದು ಬೇರೆ. ಅದಕ್ಕೇ ಇವತ್ತು ಈ ಮಾತು. ಹಳೇ ಕಾರಿಗೆ ಮಾಡಿಫಿಕೇಷನ್ ಬೇಕು ಅನ್ನುವವರಲ್ಲಿ ನಾನೂ ಒಬ್ಬ. ಆದರೆ ನನ್ನ ಪ್ರಕಾರ ಆ ಮಾಡಿಫಿಕೇಷನ್ ಅಂದರೆ, ಇರುವ ಕಾರ್ಬುರೇಟರನ್ನೇ ಇವತ್ತಿನ ಪೆಟ್ರೋಲಿಗೆ, ನಮ್ಮ ಊರಿನ ಗಾಳಿಗೆ ಹೊಂದಿಸಿಕೊಳ್ಳುವುದು.

ಸುಮಾರು ಹುಡುಗರು ನನ್ನ ಹತ್ತಿರ ಬಂದು, "ಅಣ್ಣಾ, ದೊಡ್ಡ ಕಾರ್ಬುರೇಟರ್ ಹಾಕಿಸಲಾ, ಪಿಕಪ್ ಬರುತ್ತಾ?" ಅಂತ ಕೇಳುತ್ತಾರೆ. ಬೇರೆ ಗಾಡಿಯದ್ದನ್ನು ತಂದು, ಅಡಾಪ್ಟರ್ ಪ್ಲೇಟ್ ಮಾಡಿಸಿ ಕೂರಿಸುತ್ತಾರೆ. ಕಾರ್ಬುರೇಟರಿನ ಒಳಗೆ ಗಾಳಿ ಹೋಗುವ ದಾರಿ ನಡುವೆ ಕಿರಿದಾಗುತ್ತದೆ, ಡಮರುಗದ ಸೊಂಟದ ಹಾಗೆ. ಅದನ್ನೇ ವೆಂಚುರಿ ಅನ್ನುವುದು. ಅಲ್ಲಿ ಗಾಳಿಯ ವೇಗ ಜಾಸ್ತಿಯಾಗುತ್ತದೆ, ಒತ್ತಡ ಇಳಿಯುತ್ತದೆ, ಆಗ ಪೆಟ್ರೋಲ್ ತಾನಾಗೇ ಮೇಲೆ ಎಳೆದುಕೊಂಡು ಬರುತ್ತದೆ. ಆ ಸೊಂಟ ದೊಡ್ಡದಾದರೆ ಕಡಿಮೆ ಆರ್‌ಪಿಎಮ್‌ನಲ್ಲಿ, ಅಂದರೆ ಎಂಜಿನ್ ನಿಧಾನಕ್ಕೆ ತಿರುಗುವಾಗ, ಗಾಳಿಗೆ ವೇಗ ಸಿಗುವುದಿಲ್ಲ, ಪೆಟ್ರೋಲ್ ಸರಿಯಾಗಿ ಬರುವುದಿಲ್ಲ, ಗಾಡಿಯ ಎಳೆತ ಕಮ್ಮಿಯಾಗುತ್ತದೆ. ಪದ್ಮಿನಿಯದು 1089 ಸಿಸಿ ಎಂಜಿನ್. ಖಡೇಬಜಾರಿನ ಗದ್ದಲದಲ್ಲಿ ಎರಡನೇ ಗೇರಿನಲ್ಲಿ ಹೋಗುವ ಗಾಡಿಗೆ ಬೇಕಾಗಿರುವುದೇ ಆ ಕಡಿಮೆ ಆರ್‌ಪಿಎಮ್‌ನ ಎಳೆತ. ದೊಡ್ಡದು ಹಾಕಿಸಿದವರು ಕೊನೆಗೆ ಅದನ್ನೇ ಕಳೆದುಕೊಂಡು, ಮೈಲೇಜ್ ಕೂಡ ಕಳೆದುಕೊಂಡು ಬರುತ್ತಾರೆ. ನೋಡಿದರೆ ಬೇಜಾರಾಗುತ್ತದೆ.

ಈಗ ಪೆಟ್ರೋಲಿನ ವಿಷಯಕ್ಕೆ ಬರೋಣ. 2022ರ ಜೂನ್ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಶೇ. 10ರಷ್ಟು ಎಥನಾಲ್, ಅಂದರೆ ಕಬ್ಬಿನಿಂದಲೂ ತಯಾರಾಗುವ ಆಲ್ಕೋಹಾಲ್, ಬೆರೆತಿತ್ತು. 2025ಕ್ಕೆ ಅದು ಶೇ. 20 ಆಯಿತು. ನಾನು ಎಥನಾಲ್ ವಿರೋಧಿ ಅಲ್ಲ. ನಮ್ಮದು ಗೋಕಾಕ ತಾಲೂಕಿನ ಕಬ್ಬಿನ ಹೊಲ ಇರುವ ಮನೆ. ಕಾರ್ಖಾನೆಯ ಬಿಲ್ ತಡವಾದರೆ ಮನೆ ಹೇಗಿರುತ್ತದೆ ಅಂತ ಚಿಕ್ಕಂದಿನಿಂದ ಕಂಡವನು. ಎಥನಾಲಿನಿಂದ ಕಾರ್ಖಾನೆ ಕೈಗೆ ದುಡ್ಡು ಬೇಗ ಬಂದು, ರೈತನಿಗೂ ಬೇಗ ಸಿಕ್ಕಿದರೆ ನನಗೆ ಸಂತೋಷವೇ. ಆದರೆ ಹಳೇ ಗಾಡಿ ಇಟ್ಟುಕೊಂಡವರಿಗೂ ಒಂದು ದಾರಿ ಇರಬೇಕು, ಅಲ್ವಾ? ಕಡಿಮೆ ಎಥನಾಲ್ ಇರುವ ಪೆಟ್ರೋಲ್ ತಾಲೂಕಿಗೆ ಒಂದು ಪಂಪಿನಲ್ಲಾದರೂ ಸಿಗಬೇಕು. ಅದು ಸಿಗುವವರೆಗೆ ನಮ್ಮ ಗಾಡಿಯನ್ನು ನಾವೇ ಉಳಿಸಿಕೊಳ್ಳಬೇಕು.

ಎಥನಾಲ್ ಗಾಳಿಯಲ್ಲಿನ ನೀರನ್ನು ಹೀರಿಕೊಳ್ಳುತ್ತದೆ. ಗಾಡಿ ತಿಂಗಳುಗಟ್ಟಲೆ ನಿಂತರೆ ಆ ನೀರು ತಳಕ್ಕಿಳಿಯುತ್ತದೆ. ಕಾರ್ಬುರೇಟರಿನ ಮೈ ಸತು ಬೆರೆತ ಎರಕದ್ದು, ನೀರು ತಾಗಿದರೆ ಬಿಳಿ ಪುಡಿ ಬಿಡುತ್ತದೆ. ನಾನು ಕಂಡಿದ್ದು ಅದನ್ನೇ. ಹಳೇ ರಬ್ಬರ್ ಪೈಪು, ಗಾಡಿಯೊಳಗಿನ ಪೆಟ್ರೋಲ್ ಪಂಪಿನ ಡಯಾಫ್ರಾಮ್ (ಪಂಪಿನ ರಬ್ಬರ್ ಪೊರೆ) ಎರಡಕ್ಕೂ ಎಥನಾಲ್ ಆಗಿಬರುವುದಿಲ್ಲ. ಆದ್ದರಿಂದ ಮೊದಲ ಖರ್ಚು ಪೈಪಿಗೆ ಮಾಡಿ. ಮೇಲೆ ಎಸ್‌ಎಇ ಜೆ30 ಆರ್9 (ಎಥನಾಲ್ ತಡೆಯುವ ಪೈಪಿನ ಗುರುತು) ಅಂತ ಅಚ್ಚಾಗಿರುವುದನ್ನೇ ಕೇಳಿ ತನ್ನಿ. ಮಳೆಗಾಲಕ್ಕೆ ಗಾಡಿ ನಿಲ್ಲಿಸುವುದಾದರೆ ಫ್ಲೋಟ್ ಬಟ್ಟಲು ಖಾಲಿ ಮಾಡಿ ನಿಲ್ಲಿಸಿ. ನಾನು ಆ ವರ್ಷ ಅದನ್ನು ಮಾಡಿರಲಿಲ್ಲ.

ಎರಡನೆಯದು ಜೆಟ್, ಅಂದರೆ ಎಷ್ಟು ಪೆಟ್ರೋಲ್ ಹೋಗಬೇಕು ಅಂತ ಅಳೆದು ಬಿಡುವ ಸಣ್ಣ ತೂತಿನ ಹಿತ್ತಾಳೆ ತುಂಡು. ಒಂದು ಕೆಜಿ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು. ಎಥನಾಲಿಗೆ 9 ಕೆಜಿ ಸಾಕು, ಅದರ ಒಳಗೇ ಆಮ್ಲಜನಕ ಇದೆ. ಶೇ. 20 ಬೆರೆತ ಪೆಟ್ರೋಲಿಗೆ ಇದು ಸುಮಾರು 13.5ಕ್ಕೆ ಇಳಿಯುತ್ತದೆ. ಹೊಸ ಕಾರಿನಲ್ಲಿ ಸೆನ್ಸರ್ ಇದೆ, ಅದು ನೋಡಿಕೊಂಡು ಪೆಟ್ರೋಲ್ ಜಾಸ್ತಿ ಬಿಡುತ್ತದೆ. ನಮ್ಮ ಗಾಡಿಯಲ್ಲಿ ಇರುವುದು ಹಿತ್ತಾಳೆಯ ಒಂದು ತೂತು, ಅಷ್ಟೇ. ಅದು ಮೊದಲಿನಷ್ಟೇ ಬಿಡುತ್ತದೆ. ಹಾಗಾಗಿ ಮಿಕ್ಸ್ಚರ್, ಅಂದರೆ ಗಾಳಿ-ಪೆಟ್ರೋಲಿನ ಮಿಶ್ರಣ, ಶೇ. 8ರಷ್ಟು ತೆಳುವಾಗುತ್ತದೆ, ಪೆಟ್ರೋಲ್ ಸಾಲದಾಗುತ್ತದೆ. ಎಂಜಿನ್ ಬಿಸಿಯಾಗುವುದು, ಚಡಾವಿನಲ್ಲಿ ಮುಗ್ಗರಿಸುವುದು, ಪ್ಲಗ್ ಬೆಳ್ಳಗಾಗುವುದು ಇದರಿಂದಲೇ.

ಸೋಲೆಕ್ಸ್ ಥರದ ಕಾರ್ಬುರೇಟರಿನಲ್ಲಿ ಜೆಟ್ ಮೇಲೆ ನಂಬರ್ ಇರುತ್ತದೆ. 120 ಅಂದರೆ ತೂತು 1.20 ಮಿಲಿಮೀಟರ್. 125 ಹಾಕಿದರೆ ತೂತಿನ ವಿಸ್ತಾರ ಹೆಚ್ಚುಕಮ್ಮಿ ಶೇ. 8 ಹೆಚ್ಚುತ್ತದೆ. ಅಂದರೆ ಒಂದೇ ಮೆಟ್ಟಿಲು ಮೇಲೆ. ನಿಮ್ಮ ಗಾಡಿಯ ನಂಬರ್ ಬೇರೆ ಇರಬಹುದು, ಮೊದಲು ಓದಿ ನೋಡಿ. ಒಂದು ಬೇಡಿಕೆ: ಜೆಟ್ ಕಟ್ಟಿಕೊಂಡರೆ ಅದಕ್ಕೆ ತಂತಿ ಹಾಕಿ ತಿರುವಬೇಡಿ, ಹಾಕಲು ಬಿಡಲೂಬೇಡಿ. ಹಿತ್ತಾಳೆ ಮೆತ್ತಗಿರುತ್ತದೆ, ತೂತು ದೊಡ್ಡದಾಗುತ್ತದೆ, ಆಮೇಲೆ ಮೇಲಿನ ನಂಬರಿಗೆ ಅರ್ಥವೇ ಉಳಿಯುವುದಿಲ್ಲ. ಗಾಳಿ ಹೊಡೆಸಿ, ಸಾಕು.

ಜೆಟ್‌ಗೆ ಕೈ ಹಾಕುವ ಮೊದಲು ಇನ್ನೊಂದು ನೋಡಬೇಕು. ನನಗೆ ಕೆಲಸ ಕಲಿಸಿದ ಮಿಸ್ತ್ರಿ ಕಾಕಾ ಯಾವಾಗಲೂ ಹೇಳುತ್ತಿದ್ದರು, "ತಮ್ಮಾ, ಮೊದಲ ಟಾಕಿ ನೋಡು, ಆಮ್ಯಾಲ ಗಾಳಿ ನೋಡು, ಆಮ್ಯಾಲ ಜೆಟ್ಟಿಗೆ ಕೈ ಹಚ್ಚು." ಟಾಕಿ ಅಂದರೆ ಪೆಟ್ರೋಲ್ ಟ್ಯಾಂಕ್, ಗಾಳಿ ಅಂದರೆ ಸಂದಿಯಿಂದ ಒಳನುಗ್ಗುವ ಕಳ್ಳಗಾಳಿ. ಥ್ರಾಟಲ್ ಶಾಫ್ಟ್ (ಆಕ್ಸಿಲರೇಟರ್ ಒತ್ತಿದಾಗ ಗಾಳಿಯ ದಾರಿ ತೆರೆಯುವ ತಟ್ಟೆಯ ಕಡ್ಡಿ) ಸವೆದಿದ್ದರೆ ಅದರ ಎರಡೂ ತುದಿಯಿಂದ ಗಾಳಿ ನುಗ್ಗುತ್ತದೆ. ಸ್ಕ್ರೂ ಎಷ್ಟು ತಿರುಗಿಸಿದರೂ ಐಡಲಿಂಗ್, ಅಂದರೆ ಗಾಡಿ ನಿಂತಾಗ ಎಂಜಿನ್ ಮೆಲ್ಲಗೆ ಓಡುವುದು, ಒಂದೇ ಸಮ ಇರುವುದಿಲ್ಲ. ಎಂಜಿನ್ ಐಡಲ್‌ನಲ್ಲಿ ಇರುವಾಗ ಸಣ್ಣ ಬ್ರಷ್‌ನಿಂದ ಆ ತುದಿಗೆ ಎಂಜಿನ್ ಆಯಿಲ್ ಹಚ್ಚಿ. ಎಂಜಿನ್ನಿನ ದನಿ ಬದಲಾಯಿತೋ, ಕಳ್ಳ ಸಿಕ್ಕಿಬಿದ್ದ ಹಾಗೇ.

ನನ್ನದರಲ್ಲೂ ಹಾಗೇ ಆಗಿತ್ತು. ಶಾಫ್ಟ್ ಹಿಡಿದು ಅಲ್ಲಾಡಿಸಿದರೆ ಕಟಕಟ ಅನ್ನುತ್ತಿತ್ತು. ನಮ್ಮೂರಿನ ಕೈಗಾರಿಕಾ ಪ್ರದೇಶ ಉದ್ಯಮಬಾಗಕ್ಕೆ ತೆಗೆದುಕೊಂಡು ಹೋದೆ. ಅಲ್ಲಿನ ಒಬ್ಬ ಲೇಥ್ ಮಿಸ್ತ್ರಿ ಶಾಫ್ಟನ್ನು ಬೆಳಕಿಗೆ ಹಿಡಿದು ನೋಡಿ, ಮೈಕ್ರೋಮೀಟರ್ ಹಚ್ಚಿ, ಹಳೇ ತೂತನ್ನು ರೀಮರ್ ಹಾಕಿ ನೇರ ಮಾಡಿದರು. ಹಿತ್ತಾಳೆಯ ಎರಡು ಬುಷ್ ತಿರುವಿ ಒತ್ತಿ ಕೂರಿಸಿದರು. ಶಾಫ್ಟ್ ಸೇರಿಸಿ ಬೆರಳಲ್ಲಿ ತಿರುಗಿಸಿದರೆ ತುಪ್ಪ ಹಚ್ಚಿದ ಹಾಗೆ ತಿರುಗಿತು, ಅಲ್ಲಾಟ ಇಲ್ಲ. ಫೌಂಡ್ರಿ, ಲೇಥ್‌ಗಳಿಗೆ ಹೆಸರಾದ ಊರು ನಮ್ಮದು. ಇಂಥ ಕೈಗಳನ್ನು ಪಕ್ಕದಲ್ಲೇ ಇಟ್ಟುಕೊಂಡು, "ಪಾರ್ಟ್ ಸಿಗಲ್ಲ" ಅಂತ ಗಾಡಿಯನ್ನು ಗುಜರಿಗೆ ಹಾಕುವವರನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟ.

ಇನ್ನು ನಮ್ಮ ಊರಿನ ಎತ್ತರ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ. ಇಲ್ಲಿ ಗಾಳಿ ತೆಳು, ಅದರಿಂದ ಕಾರ್ಬುರೇಟರ್ ಗಾಡಿಯ ಮಿಕ್ಸ್ಚರ್ ಶೇ. 3-4ರಷ್ಟು ಗಟ್ಟಿಯಾಗುತ್ತದೆ, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಜಾಸ್ತಿಯಾಗುತ್ತದೆ. ಅಂದರೆ ಎಥನಾಲ್ ಮಾಡಿದ ತೆಳುವನ್ನು ನಮ್ಮ ಎತ್ತರವೇ ಅರ್ಧದಷ್ಟು ಸರಿಮಾಡುತ್ತದೆ. "ಊರೊಳಗೆ ಚೆನ್ನಾಗೇ ಓಡುತ್ತೆ, ಗೋವಾಕ್ಕೆ ಹೋದರೆ ತಕರಾರು" ಅನ್ನುತ್ತಾರಲ್ಲ, ಕಾರಣ ಇದೇ. ಚೋರ್ಲಾ ಘಾಟ್ ಇಳಿದ ಮೇಲೆ ಆ ಸಹಾಯ ಇರುವುದಿಲ್ಲ. ಹಾಗಾಗಿ ಜೆಟ್ ಆರಿಸುವಾಗ ಟಿಳಕವಾಡಿಯ ಒಂದು ಸುತ್ತು ಸಾಲದು, ಕೆಳಗಿಳಿದೇ ನೋಡಬೇಕು.

ಹೋದ ಭಾನುವಾರ ನಾನು ಅದನ್ನೇ ಮಾಡಿದೆ. ಒಂದು ಮೆಟ್ಟಿಲು ದೊಡ್ಡ ಜೆಟ್ ಹಾಕಿ, ಹಳೆಯದನ್ನು ಡಬ್ಬಿಯಲ್ಲಿ ಇಟ್ಟುಕೊಂಡು, ಜಾಂಬೋಟಿ ಮೇಲಿಂದ ಹೊರಟೆ. ಘಾಟ್ ಇಳಿದು, ಸಮತಟ್ಟಾದ ರಸ್ತೆಯಲ್ಲಿ ಒಂದಷ್ಟು ದೂರ ಒಂದೇ ವೇಗದಲ್ಲಿ ಓಡಿಸಿ, ಸಾಂಖಳಿ ಹತ್ತಿರ ಒಂದು ಮರದ ಕೆಳಗೆ ಗಾಡಿ ನಿಲ್ಲಿಸಿದೆ. ಸ್ವಲ್ಪ ಹೊತ್ತು ಆರಲು ಬಿಟ್ಟು ಮೊದಲನೇ ಸಿಲಿಂಡರಿನ ಪ್ಲಗ್ ಬಿಚ್ಚಿದೆ. ಮುಂಚೆ ಸುಣ್ಣದಂತೆ ಬಿಳಿಚಿಕೊಂಡಿದ್ದ ಪ್ಲಗ್ ಈಗ ಹದವಾಗಿ ಹುರಿದ ಶೇಂಗಾದ ಬಣ್ಣಕ್ಕೆ ತಿರುಗಿತ್ತು. ಉಳಿದ ಮೂರನ್ನೂ ಬಿಚ್ಚಿ ಬಾನೆಟ್ ಮೇಲೆ ಸಾಲಾಗಿ ಇಟ್ಟೆ. ನಾಲ್ಕೂ ಒಂದೇ ಬಣ್ಣ.