ಅಮ್ಮನಿಗೊಂದು ಕುರ್ಚಿ, ಒಂದು ಲೋಟ ಕಾಫಿ

ನಮಸ್ಕಾರ. ಬೆಳಿಗ್ಗೆ ಆರೂ ಮುಕ್ಕಾಲು, ಜಯನಗರದ ಒಂದು ದರ್ಶಿನಿ. ಆ ಎತ್ತರದ ಕಲ್ಲಿನ ಟೇಬಲ್ ಪಕ್ಕ ನಿಂತಿರುವವರು ನಮ್ಮಮ್ಮ. ಮೊಣಕೈಗೆ ನೇತುಹಾಕಿದ ಸೊಪ್ಪಿನ ಚೀಲ, ಕೈಯಲ್ಲಿ ಕಾಫಿ ಲೋಟ. ಸ್ವಲ್ಪ ಗಮನ ಇಟ್ಟು ನೋಡಿ. ಒಂದು ಗುಟುಕು ಕುಡಿಯುತ್ತಾರೆ, ಭಾರ ಎಲ್ಲ ಎಡಗಾಲಿಗೆ ಹಾಕುತ್ತಾರೆ. ಇನ್ನೊಂದು ಗುಟುಕು, ಮತ್ತೆ ಕಾಲು ಬದಲಾಯಿಸುತ್ತಾರೆ. ಅಮ್ಮನಿಗೆ 68 ವರ್ಷ. ಎರಡು ವರ್ಷದಿಂದ ಮಂಡಿ ನೋವು.

ವಿಡಿಯೋ ತೆಗೆಯುವಾಗ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಮನೆಗೆ ಬಂದು ಎಡಿಟ್ ಮಾಡಲು ಕೂತಾಗ ಬಿತ್ತು. ಕೇಳಿದ್ದಕ್ಕೆ ಅಮ್ಮ ಹೇಳಿದರು: "ಕಾಫಿ ಚೆನ್ನಾಗೇ ಇತ್ತು ಕಣೇ. ಆದ್ರೆ ಮಂಡಿ ನೋಯ್ತಾ ಇದ್ರೆ ನಾಲಿಗೆಗೆ ರುಚಿ ಎಲ್ಲಿ ಗೊತ್ತಾಗತ್ತೆ?"

ಆ ಮಾತು ಬಿಟ್ಟು ಹೋಗಲೇ ಇಲ್ಲ. ಹುಟ್ಟುಹಬ್ಬಕ್ಕೆ ಹೋಗುವ ಜಾಗದ ಮಾತಲ್ಲ ನಾನು ಆಡುತ್ತಿರುವುದು. ಏನೂ ವಿಶೇಷ ಇಲ್ಲದ ಒಂದು ಮಂಗಳವಾರ, ಹಗಲು ಹೊತ್ತು, ಸುಮ್ನೆ ಹೋಗಿ ಬರುವ ಜಾಗ. ಅಂಥ ಕಡೆ ಹೋಗುವವರಿಗೆ ಏನು ಬೇಕು? ಇದನ್ನು ಕಣ್ಣಾರೆ ನೋಡೋಣ ಅಂತ ಎರಡು ವಾರ ಅಮ್ಮನನ್ನು ಕರೆದುಕೊಂಡು ಬೆಂಗಳೂರು ಸುತ್ತಿದೆ.

ಮೊದಲೇ ಹೇಳಿಬಿಡುತ್ತೇನೆ, ದರ್ಶಿನಿಯನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ. 1983ರಲ್ಲಿ ಇದೇ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾಯಿತು. ಆ ಒಂದು ಹೋಟೆಲಿನ ಹೆಸರೇ ಆಮೇಲೆ ಆ ಬಗೆಯ ಹೋಟೆಲುಗಳಿಗೆಲ್ಲ ಹೆಸರಾಯಿತು. ಕೂರುವ ವ್ಯವಸ್ಥೆ ತೆಗೆದರು. ಗಲ್ಲಾದಲ್ಲಿ ದುಡ್ಡು ಕೊಟ್ಟು ಟೋಕನ್ ತಗೊಂಡು ಕೌಂಟರಿಗೆ ಹೋದರೆ ಎರಡೇ ನಿಮಿಷ, ಇಡ್ಲಿ ಕೈಗೆ. ಅಡುಗೆಮನೆ ಕಣ್ಣಿಗೆ ಕಾಣುವ ಹಾಗೆ ಎದುರಿಗೇ ಇರುತ್ತದೆ. ಕುರ್ಚಿ ಇಲ್ಲದಿದ್ದರೆ ಅಷ್ಟೇ ಜಾಗದಲ್ಲಿ ಜಾಸ್ತಿ ಜನ ತಿನ್ನಬಹುದು. ಬಾಡಿಗೆ ಎಲ್ಲರ ಮೇಲೂ ಹಂಚಿಹೋಗುತ್ತದೆ, ತಿಂಡಿಯ ರೇಟು ಏರುವುದಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಐದು ವರ್ಷ ಬೆಳಗಿನ ತಿಂಡಿ ನಿಂತೇ ತಿಂದವಳು. ಬಿಸಿಯಾಗಿರಬೇಕು, ಬೇಗ ಸಿಗಬೇಕು, ಜೇಬಿಗೆ ಭಾರ ಆಗಬಾರದು. ಆಗ ನನಗೆ ಬೇಕಿದ್ದು ಅಷ್ಟೇ. ಅದು ದಿನಾ ಸಿಕ್ಕಿದೆ.

ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಹೋದೆವು. 1965ರಿಂದ ಇರುವ ಜಾಗ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ. ಮೆನು ಹೆಚ್ಚುಕಡಿಮೆ ಇಷ್ಟೇ. ಸಾಂಬಾರ್ ಕೊಡುವುದೇ ಇಲ್ಲ, ಬರೀ ಚಟ್ನಿ. ಇಲ್ಲಿ ಸಾಲಿನಲ್ಲಿ ನಿಂತವರ ಮುಖ ನೋಡಿ, ಯಾರೂ ಬೋರ್ಡ್ ಓದುತ್ತಿಲ್ಲ. ಏನು ಸಿಗುತ್ತದೆ, ಹೇಗಿರುತ್ತದೆ ಅಂತ ಮನೆ ಬಿಡುವಾಗಲೇ ಗೊತ್ತು. ದಿನಾ ಹೋಗುವ ಜಾಗದಿಂದ ಜನ ಮೊದಲು ಕೇಳುವುದು ಇದನ್ನೇ ಅಂತ ನನಗೆ ಅನ್ನಿಸಿತು. ನಿನ್ನೆಯ ಚಟ್ನಿ ಇವತ್ತೂ ಇರಬೇಕು. ಹೊಸ ರುಚಿ ಬೇಕಾದ ದಿನ ಬೇರೆ ಕಡೆ ಹೋಗುತ್ತೇವೆ, ಅಲ್ವಾ? ಅಮ್ಮ ಪಕ್ಕದಲ್ಲೊಂದು ಕಟ್ಟೆ ಹುಡುಕಿಕೊಂಡು ಕೂತರು. ಕಟ್ಟೆ ತಣ್ಣಗಿತ್ತು. ವಡೆ ಬಿಸಿ ಇತ್ತು.

ಗಾಂಧಿ ಬಜಾರಿನ ವಿದ್ಯಾರ್ಥಿ ಭವನದಲ್ಲಿ ಕುರ್ಚಿ ಸಿಕ್ಕಿತು. 1943ರಲ್ಲಿ ಶುರುವಾದದ್ದು. ಶುಕ್ರವಾರ ರಜಾ, ಅದು ಬಸವನಗುಡಿಯವರಿಗೆಲ್ಲ ಬಾಯಿಪಾಠ. ಬಡಿಸುವವರು ಒಂದೇ ತೋಳಿನ ಮೇಲೆ ದೋಸೆ ತಟ್ಟೆಗಳನ್ನು ಸಾಲಾಗಿ ಜೋಡಿಸಿಕೊಂಡು ಬರುವುದನ್ನು ಎಷ್ಟು ಸಲ ನೋಡಿದರೂ ನನಗೆ ಸಾಕಾಗುವುದಿಲ್ಲ. ಅಮ್ಮ, ಅಪ್ಪ ಮದುವೆಯಾದ ಹೊಸದರಲ್ಲಿ ಇಲ್ಲಿಗೆ ಬರುತ್ತಿದ್ದರಂತೆ. ನಮ್ಮ ಟೇಬಲ್ಲಿಗೇ ಇನ್ನಿಬ್ಬರು ಅಪರಿಚಿತರು ಬಂದು ಕೂತರು, ಚಟ್ನಿ ಇನ್ನೊಂದು ಸಲ ಬಂದಾಗ ನಾಲ್ಕು ಮಾತೂ ಆಯಿತು. ಆದರೆ ಹೊರಗೆ ಜನ ಕಾಯುತ್ತಿರುತ್ತಾರೆ. ಯಾರೂ ಏಳಿ ಅನ್ನುವುದಿಲ್ಲ. ನಮಗೇ ಮನಸ್ಸು ತಡೆಯುವುದಿಲ್ಲ, ಕಾಫಿ ಮುಗಿಸಿ ಎದ್ದುಬಿಡುತ್ತೇವೆ.

ಎದ್ದೇಳುವ ಅವಸರ ಇಲ್ಲದ ಜಾಗ ಅಂದರೆ ನಮ್ಮ ಹಿಂದಿನವರಿಗೆ ಕಾಫಿ ಹೌಸ್. ಕಾಫಿ ಬೋರ್ಡ್ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಲು ಹೊರಟಾಗ ಕೆಲಸಗಾರರೇ ಸಹಕಾರ ಸಂಘ ಕಟ್ಟಿಕೊಂಡರು. ಅಂಥ ಮೊದಲ ಸಂಘ ಹುಟ್ಟಿದ್ದು 1957ರಲ್ಲಿ, ನಮ್ಮ ಬೆಂಗಳೂರಿನಲ್ಲೇ. ಎಂ.ಜಿ. ರಸ್ತೆಯ ಕಾಫಿ ಹೌಸ್ 2009ರಲ್ಲಿ ಮುಚ್ಚಿ ಚರ್ಚ್ ಸ್ಟ್ರೀಟಿಗೆ ಬಂತು. ಆಗ ಹಳಬರು ಎಷ್ಟು ನೊಂದುಕೊಂಡರು ಅಂತ ನನಗೆ ಚೆನ್ನಾಗಿ ನೆನಪಿದೆ. ಒಂದು ಕಾಫಿ ಮುಂದಿಟ್ಟುಕೊಂಡು ಒಂದೂವರೆ ಗಂಟೆ ಕೂರುತ್ತಿದ್ದ ಜನ ಅವರು. ಕಾಫಿ ಬೇರೆ ಕಡೆಯೂ ಸಿಗುತ್ತದೆ. ಅವರಿಗೆ ಹೋಗಿದ್ದು ಆ ಕಿಟಕಿ ಪಕ್ಕದ ಕುರ್ಚಿ.

ಚರ್ಚ್ ಸ್ಟ್ರೀಟಿನಲ್ಲೂ ಅಮ್ಮ ಆರಾಮಾಗಿ ಕೂತರು, ಖುಷಿಯಾಗಿದ್ದರು. ವಾಪಸ್ ಬರುವಾಗ ಮಾತ್ರ ಮೆಟ್ರೋ ಸ್ಟೇಷನ್ನಿನಲ್ಲಿ ಕಾಲು ಹಿಡಿದುಕೊಂಡು ನಿಂತರು. ದಿನಾ ಹೋಗುವ ಜಾಗ ಮನೆಯಿಂದ ಹತ್ತು ನಿಮಿಷದ ಒಳಗೆ ಇರಬೇಕು. ಎಷ್ಟೇ ಒಳ್ಳೆಯದಿರಲಿ, ಅದಕ್ಕಿಂತ ದೂರ ಇದ್ದರೆ ಅದು ಪ್ರವಾಸ ಆಗುತ್ತದೆ.

ಹತ್ತಿರದಲ್ಲಿ ಹೊಸ ಕೆಫೆಗಳಿಗೇನು ಬರವಿಲ್ಲ. 1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ಮೊದಲ ಮಳಿಗೆ ತೆರೆದಾಗ ನಮ್ಮ ಅಣ್ಣಂದಿರು, ಅಕ್ಕಂದಿರಿಗೆ ಸಿಕ್ಕಿದ್ದು ಯಾರೂ ಎಬ್ಬಿಸದ ಸೋಫಾ. ಈಗ ಆ ಥರದ್ದು ಬೀದಿಗೆ ಎರಡಿವೆ. ಅವುಗಳಲ್ಲೊಂದಕ್ಕೆ ಹೋದೆವು. ಹೆಸರು ಬೇಡ. ಜಾಗ ಚೆನ್ನಾಗಿತ್ತು, ಗಿಡಗಳಿದ್ದವು, ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡುವವರಿಗೆ ಟೇಬಲ್ಲಿಗೊಂದು ಪ್ಲಗ್ ಪಾಯಿಂಟ್ ಇತ್ತು. ಅದೆಲ್ಲ ನಿಜವಾದ ಅಗತ್ಯ. ಒಂದೇ ರೂಮಿನಲ್ಲಿ ನಾಲ್ಕು ಜನ ಇರುವ ಪಿಜಿ ಹುಡುಗಿಯರಿಗೆ ಅದು ಎಷ್ಟು ದೊಡ್ಡದು ಅಂತ ನನಗೆ ಗೊತ್ತು. ಆದರೆ ಅಮ್ಮ ಮೆನು ಕೇಳಿದರೆ ಟೇಬಲ್ ಮೇಲಿನ ಕ್ಯೂಆರ್ ಕೋಡ್ ತೋರಿಸಿದರು. ಅಮ್ಮ ಓದುವ ಕನ್ನಡಕ ತಂದಿರಲಿಲ್ಲ. ಮೊಬೈಲಿನಲ್ಲಿ ಅಷ್ಟು ಸಣ್ಣ ಅಕ್ಷರ. "ನಿನಗೇನು ಬೇಕೋ ಅದೇ ನನಗೂ ಹೇಳಿಬಿಡು" ಅಂದರು. ಇಷ್ಟವಾದದ್ದನ್ನು ತಾನೇ ಆರಿಸಿಕೊಳ್ಳುವ ಖುಷಿ ಅಲ್ಲೇ ಹೋಯಿತು. ಎರಡು ಕಾಫಿಗೆ ನಾನೂರು ರೂಪಾಯಿ ದಾಟಿತು. ಅಮ್ಮನ ಮುಖ ಸಪ್ಪಗಾಯಿತು. ಬೇಸನ್ನಿನಲ್ಲಿ ಕೈ ತೊಳೆದು ಬಂದು ಮೆಲ್ಲಗೆ "ಇಲ್ಲಿಗೆ ತಿಂಗಳಿಗೊಂದು ಸಲ ಬರೋಣ" ಅಂದರು.

ಇಲ್ಲಿಗೆ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಈ ಊರಲ್ಲಿ ಇಪ್ಪತ್ತು ರೂಪಾಯಿ ಆಸುಪಾಸಿನಲ್ಲಿ ನಿಂತು ಕುಡಿಯುವ ಕಾಫಿ ಇದೆ. ಇನ್ನೂರು ರೂಪಾಯಿಗೆ ಕೂತು ಕುಡಿಯುವ ಕಾಫಿ ಇದೆ. ಕುರ್ಚಿ ಬೇಕು, ಆದರೆ ಅದಕ್ಕೆ ಅಷ್ಟು ದುಡ್ಡು ಕೊಡಲು ಆಗುವುದಿಲ್ಲ ಅನ್ನುವವರೇ ಬಹಳ ಜನ. ಅವರಿಗೆ ಜಾಗ ತುಂಬಾ ಕಡಿಮೆ.

ಇದು ಬನಶಂಕರಿ ಕಡೆ, ನಮ್ಮ ಮನೆಯಿಂದ ಎರಡು ಬೀದಿ ಆಚೆ. ಗಂಡ ಹೆಂಡತಿ ಸೇರಿ ನಡೆಸುವ ಪುಟ್ಟ ಹೋಟೆಲ್. ಆರು ಟೇಬಲ್, ಇಪ್ಪತ್ತೆರಡು ಕುರ್ಚಿ. ಕಾಫಿಗೆ 25 ರೂಪಾಯಿ. ಅವರ ಒಪ್ಪಿಗೆ ಪಡೆದು ಬೆಳಿಗ್ಗೆ ಏಳರಿಂದ ಸಂಜೆ ನಾಲ್ಕರವರೆಗೆ ಮೂಲೆಯಲ್ಲಿ ಕೂತಿದ್ದೆ. ಯಾರ ಮುಖವೂ ಬೇಡ ಅಂದರು, ಅದಕ್ಕೇ ಬರೀ ಕೈಗಳನ್ನು ತೆಗೆದಿದ್ದೇನೆ.

ಇದು ಕಾಫಿ ಮಾಡುವವರ ಕೈ. ಲೋಟದ ತಳಕ್ಕೆ ಸಕ್ಕರೆ, ಅದರ ಮೇಲೆ ಒಂದು ಬೆರಳಷ್ಟು ಡಿಕಾಕ್ಷನ್, ಆಮೇಲೆ ಮೇಲಿನಿಂದ ಹಾಲು. ನೊರೆ ಅಂಚಿಗೆ ಬಂದು ನಿಂತಾಗ ಅರ್ಧ ಚಮಚ ಡಿಕಾಕ್ಷನ್ ನೊರೆಯ ನಡುವೆ ಬಿಡುತ್ತಾರೆ, ಕಂದು ಬಣ್ಣ ನಿಧಾನಕ್ಕೆ ಹರಡುತ್ತದೆ. "ಸ್ಟ್ರಾಂಗ್" ಅಂತ ಕೇಳಿದವರಿಗೆ ಮಾತ್ರ ಅದು. ಹತ್ತೂವರೆಗೆ ಫಿಲ್ಟರಿಗೆ ಮತ್ತೆ ಹೊಸ ಪುಡಿ ಹಾಕಿದರು. ಬೆಳಗಿನ ಡಿಕಾಕ್ಷನ್ ಇನ್ನೂ ಇತ್ತು. ಯಾಕೆ ಅಂತ ಕೇಳಿದೆ. "ಹನ್ನೊಂದು ಗಂಟೆಗೆ ಬರೋರು ರಿಟೈರ್ ಆದೋರು ಮೇಡಂ. ಅವರಿಗೆ ಇದೊಂದೇ ಕಾಫಿ. ಹಳೇದು ಕೊಟ್ರೆ ಹೇಗೆ?"

ರೇಟಿನ ಬಗ್ಗೆಯೂ ಮಾತಾಡಿದೆವು. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಜಾಸ್ತಿಯಾಯಿತು. ಕಾಫಿ ಪುಡಿ ಅದಕ್ಕೂ ಮೊದಲೇ ಏರಿತ್ತು. ಬ್ರೆಜಿಲ್, ವಿಯೆಟ್ನಾಂನಲ್ಲಿ ಮಳೆ ಕೈಕೊಟ್ಟರೆ ಚಿಕ್ಕಮಗಳೂರಿನ ಬೀಜಕ್ಕೂ ರೇಟು ಬರುತ್ತದೆ, ಬೆಳೆಗಾರರಿಗೆ ಅದು ಒಳ್ಳೆಯದೇ. ಹೋಟೆಲಿನವರಿಗೆ ಎರಡು ದಾರಿ. ಹಾಲಿಗೆ ನೀರು ಜಾಸ್ತಿ ಮಾಡಿ, ಪುಡಿಯಲ್ಲಿ ಚಿಕೋರಿ ಏರಿಸಿ ಹಳೇ ರೇಟೇ ಇಡುವುದು. ಇಲ್ಲ, ರೇಟು ಏರಿಸಿ ಕಾಫಿ ಹಾಗೇ ಇಡುವುದು. ಇವರು ಒಂದು ವಾರ ಮುಂಚೆ ಬೋರ್ಡ್ ಬರೆದು ಹಾಕಿದರಂತೆ: "ಸೋಮವಾರದಿಂದ ಕಾಫಿ 25." ಒಬ್ಬರೂ ಜಗಳ ಆಡಲಿಲ್ಲ. ನನಗೆ ಇದು ಬಹಳ ಮುಖ್ಯ ಅನ್ನಿಸುತ್ತದೆ. ದಿನಾ ಬರುವವರು ಎರಡು ಮೂರು ರೂಪಾಯಿಯನ್ನು ಸಹಿಸಿಕೊಳ್ಳುತ್ತಾರೆ. ತೆಳ್ಳಗಾದ ಕಾಫಿಯನ್ನು ಸಹಿಸುವುದಿಲ್ಲ. ಬಾಯಿ ಬಿಟ್ಟು ಹೇಳುವುದೂ ಇಲ್ಲ. ಬರುವುದನ್ನು ನಿಲ್ಲಿಸುತ್ತಾರೆ, ಅಷ್ಟೇ.

ಏಳರಿಂದ ಎಂಟು ವಾಕಿಂಗಿನವರು. ಆಮೇಲೆ ಒಂದೂವರೆ ಗಂಟೆ ಉಸಿರಾಡಲೂ ಬಿಡುವಿಲ್ಲ, ಆಫೀಸಿನವರು, ಕಾಲೇಜಿನವರು. ಆಗ ಟೇಬಲ್ ಹಂಚಿಕೊಳ್ಳಲೇಬೇಕು. ಹತ್ತರ ಮೇಲೆ ಕುರ್ಚಿಗಳು ಖಾಲಿ. "ಹೇಗಿದ್ರೂ ಖಾಲಿ ಇರೋ ಕುರ್ಚಿ. ಕೂತ್ರೆ ನಂಗೇನು ನಷ್ಟ?" ಇದು ಯಜಮಾನರ ಮಾತು. ಲೆಕ್ಕವೂ ಸರಿ, ಮನಸ್ಸೂ ಸರಿ.

ಬಂದವರನ್ನೆಲ್ಲ ಕೇಳಿದೆ, ಇಲ್ಲಿಗೇ ಯಾಕೆ ಬರ್ತೀರಿ ಅಂತ. ಡೆಲಿವರಿ ಹುಡುಗನೊಬ್ಬ ಕಾಫಿ ಹೆಸರೇ ಎತ್ತಲಿಲ್ಲ. "ಟಾಯ್ಲೆಟ್ ಇದೆ ಅಕ್ಕ. ಬಾಟ್ಲಿಗೆ ನೀರು ತುಂಬಿಸ್ಕೊಳ್ಳೋಕೆ ಬಿಡ್ತಾರೆ. ಫೋನ್ ಹತ್ತು ನಿಮಿಷ ಚಾರ್ಜ್ ಆಗತ್ತೆ." ನೈಟ್ ಡ್ಯೂಟಿ ಮುಗಿಸಿ ಬಂದ ನರ್ಸ್ ಒಬ್ಬರು, "ಒಬ್ಬಳೇ ಕೂತ್ರೂ ಯಾರೂ ದಿಟ್ಟಿಸಿ ನೋಡಲ್ಲ" ಅಂದರು. ಇಲ್ಲಿ ಹಾಡು ಹಾಕುವುದಿಲ್ಲ, ಹಿರಿಯರಿಬ್ಬರು ಅದನ್ನೇ ಮೆಚ್ಚಿ ಹೇಳಿದರು. ಕಿವಿ ಮಂದವಾದವರಿಗೆ ಎದುರಿನವರ ಮಾತು ಕೇಳಬೇಕಲ್ಲ.

ಹನ್ನೊಂದೂಕಾಲಿಗೆ ಬಂದವರು ಆ ಬೀದಿಯ ನಾಲ್ಕು ಮನೆಗಳಲ್ಲಿ ಪಾತ್ರೆ, ಬಟ್ಟೆ ಕೆಲಸ ಮಾಡುವ ಒಬ್ಬ ಹೆಂಗಸು. ನೋಡಿ, ಅವರ ಬೆರಳ ತುದಿಗಳು ನೀರಿನಲ್ಲಿ ನೆನೆದು ಸುಕ್ಕುಗಟ್ಟಿವೆ. ಎರಡೂ ಕೈಯಲ್ಲಿ ಲೋಟ ಹಿಡಿದುಕೊಂಡಿದ್ದಾರೆ, ಬಿಸಿ ಹಿತವಾಗಿರಬೇಕು. ಮೊದಲು ಬೇರೆ ಅಂಗಡಿಯ ಹೊರಗೆ ನಿಂತು ಪೇಪರ್ ಕಪ್ಪಿನಲ್ಲಿ ಕುಡಿಯುತ್ತಿದ್ದರಂತೆ. ಇಲ್ಲಿ ಬಂದ ಮೊದಲ ದಿನವೂ ಬಾಗಿಲ ಹತ್ತಿರವೇ ನಿಂತರಂತೆ. "ಒಳಗೆ ಬನ್ನಿ ಅಮ್ಮ, ಫ್ಯಾನ್ ಕೆಳಗೆ ಕೂತ್ಕೊಳ್ಳಿ ಅಂದ್ರು. ಎಲ್ಲರಿಗೂ ಕೊಡೋ ಸ್ಟೀಲ್ ಲೋಟದಲ್ಲೇ ಕೊಟ್ರು." ಇಷ್ಟು ಹೇಳಿ ಸುಮ್ಮನಾದರು. ನಾನು ಕ್ಯಾಮೆರಾ ಕೆಳಗಿಟ್ಟೆ. ಆಮೇಲೆ ಏನೂ ಕೇಳಲು ಆಗಲಿಲ್ಲ.

ಮೂರೂವರೆಗೆ ಸ್ಕೂಲ್ ವ್ಯಾನಿಗೆ ಕಾಯುವ ತಾಯಂದಿರು ಬಂದರು. ಮೂರು ಜನಕ್ಕೆ ಎರಡು ಕಾಫಿ. ಬೈ ಟೂ ಇಲ್ಲಿ ಯಾರಿಗೂ ಸಂಕೋಚದ ವಿಷಯ ಅಲ್ಲ, ಖಾಲಿ ಲೋಟ ಕೇಳುವ ಮೊದಲೇ ಬರುತ್ತದೆ.

ಒಂದೇ ಒಂದು ಕೊರತೆ ಕಂಡಿತು. ಬಾಗಿಲಿಗೆ ಎರಡು ಮೆಟ್ಟಿಲು, ಹಿಡಿದುಕೊಳ್ಳಲು ಏನೂ ಇಲ್ಲ. ಅಮ್ಮ ಗೋಡೆ ಸವರಿಕೊಂಡೇ ಹತ್ತಿದ್ದರು. ಸಂಜೆ ಹೊರಡುವಾಗ ಯಜಮಾನರಿಗೆ ಹೇಳಿದೆ. ಬಾಗಿಲ ಹತ್ತಿರ ಬಂದು, ಮೆಟ್ಟಿಲು ಇಳಿದು, ಮತ್ತೆ ಹತ್ತಿ ನೋಡಿದರು. "ಇಷ್ಟು ವರ್ಷ ನನ್ ತಲೆಗೇ ಬಂದಿರ್ಲಿಲ್ಲ" ಅಂದರು.

ಇದು ಮುಂದಿನ ಗುರುವಾರದ ವಿಡಿಯೋ. ಗೋಡೆಗೆ ಹೊಸದಾಗಿ ಕೂರಿಸಿದ ಕಬ್ಬಿಣದ ಪೈಪು, ಸಿಮೆಂಟ್ ಇನ್ನೂ ಹಸಿ ಬಣ್ಣದಲ್ಲೇ ಇದೆ. ಪೈಪು ಹಿಡಿದು ಮೊದಲು ಹತ್ತುತ್ತಿರುವವರು ಅಮ್ಮನ ಗೆಳತಿ. ಸೊಂಟದ ಆಪರೇಷನ್ ಆದ ಮೇಲೆ ಏಳು ತಿಂಗಳಿಂದ ಆಸ್ಪತ್ರೆಗೆ ಬಿಟ್ಟರೆ ಇನ್ನೆಲ್ಲಿಗೂ ಮನೆಯಿಂದ ಹೊರಟವರಲ್ಲ. ಅವರ ಹಿಂದೆ ಅವರ ನಾದಿನಿ. ಕೊನೆಗೆ ಅಮ್ಮ, ಸೊಪ್ಪಿನ ಚೀಲದ ಜೊತೆ. ಫ್ಯಾನ್ ಕೆಳಗಿನ ಟೇಬಲ್ ಖಾಲಿ ಇತ್ತು. ಚೀಲ ನಾಲ್ಕನೇ ಕುರ್ಚಿ ಮೇಲೆ ಕೂತಿತು.

"ಮೂರು ಕಾಫಿ. ಒಂದು ಸಕ್ಕರೆ ಇಲ್ದೆ."

ನಾನು ಹೊರಗಿನ ಹೊಂಗೆ ಮರದ ನೆರಳಲ್ಲಿ ಸ್ಕೂಟರ್ ಮೇಲೆ ಕೂತು ಕಾದೆ. ಐವತ್ತು ನಿಮಿಷ ಆಯಿತು. ಒಳಗಿನಿಂದ ಅಮ್ಮನ ನಗು ಕೇಳಿಸುತ್ತಿತ್ತು.