ಪ್ಲೇಟಿಗೂ ಒಂದು ಮರ್ಯಾದೆ ಇದೆ

ಅಧ್ಯಕ್ಷರೇ, ಹಿರಿಯರೇ, ಹಿಂದಿನ ಸಾಲಿನಲ್ಲಿ ಅಡಗಿ ಕೂತಿರುವ ನನ್ನ ಶಿಷ್ಯರೇ,

ಬೆಳಗಾವಿಯಲ್ಲಿ ನಿಂತು ಸಂಗೀತದ ಬಗ್ಗೆ ಮಾತಾಡೋದು ಧೈರ್ಯದ ಕೆಲಸ. ಇಲ್ಲಿ ಹಾಡುವವರಿಗಿಂತ ಕೇಳುವವರಿಗೇ ಜಾಸ್ತಿ ಗೊತ್ತಿರುತ್ತದೆ, ಅದನ್ನು ಮುಖದ ಮೇಲೇ ಹೇಳುತ್ತಾರೆ. ನನ್ನ ಆಲ್ಬಂ ಬಂದ ವಾರವೇ ಹಿರಿಯರೊಬ್ಬರು ಮನೆಗೆ ಬಂದು, ಚಹಾ ಕುಡಿದು, "ಛಲೋ ಐತ್ರಿ, ಆದ್ರ ಎದುರಾಎದುರು ಕುಂತು ಕೇಳೋ ಬೈಠಕ್ಕಿನ ಮಜಾ ಇಲ್ಲ ನೋಡ್ರಿ" ಅಂದರು. ಪತ್ರಿಕೆಯ ವಿಮರ್ಶೆಯಲ್ಲೂ ಅದೇ ಮಾತು, ಚಹಾ ಒಂದಿರಲಿಲ್ಲ.

ನನ್ನ ತಕರಾರು ಇಷ್ಟೇ. ರೆಕಾರ್ಡು ಅಂದರೆ ಕತ್ತರಿಸಿದ ಬೈಠಕ್ ಅಲ್ಲ.

78 ಆರ್‌ಪಿಎಂ ಪ್ಲೇಟು, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಗ್ರಾಮಫೋನ್ ತಟ್ಟೆ, ನೋಡಿ. ಒಂದು ಬದಿಗೆ ಮೂರು, ಮೂರೂವರೆ ನಿಮಿಷ. 1902ರಲ್ಲಿ ಕಲ್ಕತ್ತೆಯಲ್ಲಿ ರೆಕಾರ್ಡು ಕೊಟ್ಟ ಗೌಹರ್ ಜಾನ್, ಹಾಡಿನ ಕೊನೆಗೆ "ಮೈ ನೇಮ್ ಈಸ್ ಗೌಹರ್ ಜಾನ್" ಅಂತ ಕೂಗಿ ಹೇಳುತ್ತಿದ್ದರು. ಅಚ್ಚು ಒತ್ತುತ್ತಿದ್ದದ್ದು ಜರ್ಮನಿಯಲ್ಲಿ. ಯಾರ ಹಾಡು ಅಂತ ಅಲ್ಲಿಯವರಿಗೆ ತಿಳಿಯಬೇಕಲ್ಲ! ನಮ್ಮ ಗಂಗೂಬಾಯಿ ಹಾನಗಲ್ಲರ ಹಳೆಯ ಪ್ಲೇಟುಗಳಲ್ಲಿ ಅವರ ಹೆಸರು ಗಾಂಧಾರಿ. ಆಗಿನ ದನಿ ಕೇಳಿದ್ದೀರಾ? ತೆಳು, ಏರುದನಿ. ಟಾನ್ಸಿಲ್ ಆಪರೇಷನ್ ಆದಮೇಲೆ ಬಂದದ್ದು ನಾವೆಲ್ಲ ಬಲ್ಲ ಗಡಸು ದನಿ. ಆ ಮೊದಲಿನ ದನಿ ಇವತ್ತು ಯಾವ ಬೈಠಕ್ಕಿನಲ್ಲಿದೆ? ಪ್ಲೇಟಿನಲ್ಲಿದೆ.

ಈಗ ನನ್ನ ಸ್ಟುಡಿಯೋ ಕಥೆ. ಏಸಿ ಹಾಕಿದರೆ ತಂಬೂರಿ ಶ್ರುತಿ ಕದಲುತ್ತದೆ. ಫ್ಯಾನ್ ಹಾಕಿದರೆ ಮೈಕಿಗೆ ಸದ್ದು. ಎರಡೂ ಬಂದ್. ಬೆವರು ಸುರಿಸುತ್ತ ಹಾಡುತ್ತಿದ್ದೇನೆ. ತಬಲಾದವರು ಗಾಜಿನ ಆಚೆ. ಯಮನ್ ರಾಗದಲ್ಲಿ ಒಂದು ಜಾಗ ಚೆನ್ನಾಗಿ ಬಂತು, ಅವರು ಜೋರಾಗಿ "ವಾಹ್" ಅಂದುಬಿಟ್ಟರು. ಎಂಜಿನಿಯರ್ ಹುಡುಗ ನಿಲ್ಲಿಸಿದ. "ಸರ್, ವಾಹ್ ಬಂತು, ಇನ್ನೊಮ್ಮೆ." ಪಾಪ, ಅವನ ಕೆಲಸ ಅವನದು. ಮತ್ತೆ ಶುರು. ಈ ಸಲ ತಬಲಾದವರು ತುಟಿ ಬಿಗಿ ಹಿಡಿದು, ಕಣ್ಣಲ್ಲೇ ವಾಹ್ ಅನ್ನುತ್ತಿದ್ದಾರೆ. ನಾನು ಆ ಜಾಗ ಒಂದೇ ಸಲ ಹಾಡಿ ಮುಂದೆ ಹೋದೆ. ಬೈಠಕ್ಕಿನಲ್ಲಾಗಿದ್ದರೆ? ನೀವು ವಾಹ್ ಅಂದಿರಿ ಅಂತ ಅದನ್ನೇ ನಾಲ್ಕು ಸಲ ತಿರುಗಿಸುತ್ತಿದ್ದೆ. ಮನೆಗೆ ಹೋಗಿ ಕೇಳಿದೆ. ಒಂದೇ ಸಲ ಬಂದದ್ದು ಎಷ್ಟು ಸರಿಯಾಗಿತ್ತು ಅಂತೀರಿ! ವಿಮರ್ಶಕರು ಅದೇ ಜಾಗದ ಬಗ್ಗೆ "ವಿಸ್ತಾರ ಸಾಲದು" ಅಂತ ಬರೆದರು. ಬರೆಯಲಿ. ಆದರೆ ಪ್ಲೇಟನ್ನು ಪ್ಲೇಟಿನ ಹಾಗೆ ಕೇಳಿ ಬರೆಯಲಿ, ಅಲ್ವಾ?

ಕುಮಾರ ಗಂಧರ್ವರು ನಮ್ಮ ಸುಳೇಭಾವಿಯವರು, 1924ರಲ್ಲಿ ಹುಟ್ಟಿದವರು. ಕ್ಷಯ ಬಂತು, ಹಾಡೋದು ವರ್ಷಗಟ್ಟಲೆ ನಿಂತಿತು. ಮಧ್ಯಪ್ರದೇಶದ ದೇವಾಸ್‌ನಲ್ಲಿ ಮಲಗಿಕೊಂಡೇ ಮಾಳವದ ಜನಪದ ಹಾಡು ಕೇಳಿದರು, ಅದರಿಂದ ಹೊಸ ರಾಗ ಕಟ್ಟಿದರು. ಘರಾಣೆ, ಅಂದರೆ ಗುರುಪರಂಪರೆಯ ಶೈಲಿ, ಕೆಡಿಸಿದರು ಅಂತ ಬೈದವರೂ ಇದ್ದರು. ಇವತ್ತು ನನ್ನ ಶಿಷ್ಯರು ಅವರ ರೆಕಾರ್ಡನ್ನೇ ಹಿಂದಕ್ಕೆ ಮುಂದಕ್ಕೆ ಮಾಡಿ ಕಲಿಯುತ್ತಾರೆ. ನನ್ನ ಪಾಠಕ್ಕೆ ಮಾತ್ರ ತಡವಾಗಿ ಬರುತ್ತಾರೆ.

ಸಮಯ ಆಯಿತು ಅಂತ ಚೀಟಿ ಬಂತು. ಎಲ್‌ಪಿ, ಕ್ಯಾಸೆಟ್ ಬಿಟ್ಟುಬಿಡುತ್ತೇನೆ. ರಾಯಲ್ಟಿ ಬಗ್ಗೆಯೂ ಹೇಳಬೇಕಿತ್ತು. ಅದು ಬಂದಷ್ಟೇ ಹೇಳೋದಾದರೆ, ಹೇಳಿ ಆಯಿತು.

ಆಲ್ಬಂನಲ್ಲಿ ಒಂದು ತಾನಿನ, ಅಂದರೆ ವೇಗದ ಸ್ವರಸರಣಿಯ, ಕೊನೆಗೆ ನಾನು ಉಸಿರೆಳೆಯೋದು ಕೇಳುತ್ತದೆ. ತೆಗೆಯೋಣ ಅಂದರು, ಬೇಡ ಅಂದೆ. ಬೈಯುವವರು ಅದನ್ನು ಹಿಡಿದು ಬೈಯಿರಿ, ಉತ್ತರ ಕೊಡುತ್ತೇನೆ. ಈಗ ಪ್ರಶ್ನೆ ಕೇಳಿ. ಮೊದಲು ಮುಂದಿನ ಸಾಲಿನವರು, ಅವರಿಗೇ ತಡೆಯೋಕೆ ಆಗುತ್ತಿಲ್ಲ.